ಕಲಬಾರ್‌ನ ಎರಡು ಬಳ್ಳಿಗಳು

ನರ್ಸರಿಗಳಲ್ಲಿ ಇದನ್ನು ‘ಬ್ಲೀಡಿಂಗ್ ಹಾರ್ಟ್’ ಎಂದು ಕೇಳಿದರೆ ಕೂಡಲೇ ತೋರಿಸುತ್ತಾರೆ. ಬೆಂಗಳೂರು, ಮೈಸೂರು, ಮಂಗಳೂರಿನ ಎಷ್ಟೋ ಮನೆಗಳ ಕಾಂಪೌಂಡಿನ ಮೇಲೆ, ಗೇಟಿನ ಕಮಾನಿನ ಮೇಲೆ, ಬಾಲ್ಕನಿಯ ಕಂಬಿಗಳ ನಡುವೆ ಹಬ್ಬಿರುವ ಬಳ್ಳಿ. ಎಲೆ ಕಡುಹಸಿರು, ನರಗಳು ಎದ್ದು ಕಾಣುವಂಥದ್ದು. ಆ ಹಸಿರಿನ ನಡುವೆ ದೀಪಾವಳಿಯ ಪುಟ್ಟ ಪುಟ್ಟ ಆಕಾಶಬುಟ್ಟಿಗಳಂತೆ ಬಿಳಿಯ ಗೊಂಚಲುಗಳು. ಪ್ರತಿ ಬಿಳಿಬುಟ್ಟಿಯ ತುದಿ ಸೀಳಿಕೊಂಡು ರಕ್ತಗೆಂಪಿನ ಒಂದು ಹೂ ಹೊರಚಾಚಿರುತ್ತದೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕ್ಲೆರೊಡೆಂಡ್ರಮ್ ಥಾಮ್ಸೋನಿಯೆ. ತವರು ಪಶ್ಚಿಮ ಆಫ್ರಿಕಾ.

ಬಿಳಿಯದನ್ನೇ ಹೂವೆಂದುಕೊಳ್ಳುವವರು ಬಹಳ. ಅದು ದಳವಲ್ಲ, ಪುಷ್ಪಪಾತ್ರೆ. ಮೊಗ್ಗನ್ನು ಕಾಯುವ ಐದು ಹೊರ ಎಸಳುಗಳು ಒಂದಕ್ಕೊಂದು ಕೂಡಿ, ಉಬ್ಬಿ, ಸುಮಾರು ಒಂದು ಅಂಗುಲದ ಚೀಲವಾಗಿರುತ್ತವೆ. ಹೆಚ್ಚಿನ ಗಿಡಗಳಲ್ಲಿ ಈ ಭಾಗ ಹಸಿರಾಗಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ಮಾತ್ರ ಅದಕ್ಕೆ ಹೂವಿಗಿಂತ ಹೆಚ್ಚು ಆಯುಸ್ಸು. ಕೆಂಪು ಹೂ ಬೇಗ ಉದುರಿಹೋಗುತ್ತದೆ. ಬಿಳಿಯ ಚೀಲ ವಾರಗಟ್ಟಲೆ ಬಳ್ಳಿಯಲ್ಲೇ ಉಳಿದು, ಮೆಲ್ಲಮೆಲ್ಲನೆ ನಸುಗೆಂಪಿಗೆ, ಮತ್ತೆ ಮಾಸಲು ನೇರಳೆಗೆ ತಿರುಗುತ್ತದೆ. ಬಳ್ಳಿ ಸದಾ ಹೂಬಿಟ್ಟಂತೆ ಕಾಣುವುದು ಇದರಿಂದಲೇ.

ಕೆಂಪು ಹೂವನ್ನು ಹತ್ತಿರದಿಂದ ನೋಡಬೇಕು. ಹೂವಿನ ಬಾಯಿಂದ ನಾಲ್ಕು ಉದ್ದನೆಯ ಕೇಸರಗಳು ಮುಂದಕ್ಕೆ ಚಾಚಿರುತ್ತವೆ, ತುದಿಯಲ್ಲಿ ಪರಾಗದ ಚೀಲಗಳು. ಅವುಗಳ ಜೊತೆಗೇ ಇರುವ ಹೆಣ್ಣು ಭಾಗ, ಶಲಾಕೆ, ಆರಂಭದಲ್ಲಿ ಕೆಳಕ್ಕೆ ಬಾಗಿ ದಾರಿಯಿಂದ ದೂರ ನಿಂತಿರುತ್ತದೆ. ಜೇನು ಹೀರಲು ಬಂದ ಜೀವಿಗೆ ಆಗ ತಗಲುವುದು ಪರಾಗ ಮಾತ್ರ. ಪರಾಗ ಮುಗಿದ ಮೇಲೆ ಕೇಸರಗಳು ಹಿಂದಕ್ಕೆ ಸುರುಳಿ ಸುತ್ತಿಕೊಳ್ಳುತ್ತವೆ, ಶಲಾಕೆ ಮೇಲೆದ್ದು ಅದೇ ಜಾಗಕ್ಕೆ ಬರುತ್ತದೆ. ಈಗ ಅದೇ ಹೂವಿಗೆ ಬರುವ ಜೀವಿ ಬೇರೊಂದು ಹೂವಿನ ಪರಾಗವನ್ನು ಇಲ್ಲಿಗೆ ತಂದು ಒರಸುತ್ತದೆ. ಒಂದೇ ಹೂ ಮೊದಲು ಗಂಡಾಗಿ, ಆಮೇಲೆ ಹೆಣ್ಣಾಗಿ ನಿಲ್ಲುವ ಈ ಏರ್ಪಾಟು ಕ್ಲೆರೊಡೆಂಡ್ರಮ್ ಕುಲದ ಅನೇಕ ಸಸ್ಯಗಳಲ್ಲಿದೆ. ಒಂದು ಗೊಂಚಲಿನಲ್ಲೇ ಎರಡೂ ಹಂತದ ಹೂಗಳು ಸಿಗುವುದರಿಂದ ಲೆನ್ಸಿಲ್ಲದೆಯೂ ನೋಡಿ ತಿಳಿಯಬಹುದು. ಶಾಲೆಯ ಮಕ್ಕಳಿಗೆ ಪರಾಗಸ್ಪರ್ಶ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಹೂ ನನಗೆ ಕಂಡಿಲ್ಲ.

ಈ ಬಳ್ಳಿಯ ನೆಂಟರು ನಮ್ಮಲ್ಲೇ ಇದ್ದಾರೆ. ಆಯುರ್ವೇದದ ಗಂಟುಭಾರಂಗಿ, ಬಯಲುಸೀಮೆಯ ಬೇಲಿಗಳ ತಗ್ಗಿ, ಗೋಪುರದಂತೆ ಕೆಂಪು ಹೂ ಎತ್ತುವ ಕೃಷ್ಣಕಿರೀಟ, ಇವೆಲ್ಲ ಇದರ ಹತ್ತಿರದವು. ಸ್ವಲ್ಪ ದೂರದ ಸಂಬಂಧ ನೋಡಿದರೆ ತೇಗದ ಮರ ಮತ್ತು ತುಳಸಿ ಕೂಡ ಇದೇ ಕುಟುಂಬ. ಪಶ್ಚಿಮ ಆಫ್ರಿಕಾದ್ದೇ ಆದ ಇನ್ನೊಂದು ಸೋದರ ಬಳ್ಳಿ ಕ್ಲೆರೊಡೆಂಡ್ರಮ್ ಸ್ಪ್ಲೆಂಡೆನ್ಸ್. ಅದರಲ್ಲಿ ಬಿಳಿ ಚೀಲವಿಲ್ಲ, ಇಡೀ ಗೊಂಚಲು ಉರಿಗೆಂಪು. ಲಂಡನ್ನಿನ ತೋಟಗಾರಿಕೆ ಸಂಘ ಕಳಿಸಿದ್ದ ಜಾರ್ಜ್ ಡಾನ್ ಅದನ್ನು ಸಿಯೆರಾ ಲಿಯೋನ್‌ನಲ್ಲಿ ಕಂಡು, 1824ರಲ್ಲಿ ಹೆಸರಿಟ್ಟ. ಎರಡನ್ನೂ ಕೂಡಿಸಿ ಮಾಡಿದ ಮಿಶ್ರತಳಿಯೂ ಇದೆ, ಅದರ ಚೀಲ ಬಿಳಿಯಲ್ಲ, ಗುಲಾಬಿ ಕೆಂಪು. ನಮ್ಮ ನರ್ಸರಿಗಳಲ್ಲಿ ಮೂರೂ ಒಂದೇ ಹೆಸರಿನಲ್ಲಿ ಮಾರಾಟವಾಗುವುದುಂಟು.

ಬೆಳೆಸುವವರಿಗೆ ಒಂದೆರಡು ಮಾತು. ಮಳೆಕಾಡಿನ ಅಂಚಿನ ಗಿಡವಾದ್ದರಿಂದ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು, ನೀರು ನಿಲ್ಲದ ಆದರೆ ಒಣಗದ ಮಣ್ಣು ಬೇಕು. ಹೂ ಬರುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ಒಂದು ಸಲ ಹೂ ಮುಗಿದ ಮೇಲೆ ಧೈರ್ಯವಾಗಿ ಕತ್ತರಿಸಬೇಕು. ಕತ್ತರಿಸಿದ ಕಡ್ಡಿಯನ್ನೇ ನೆಟ್ಟರೂ ಚಿಗುರುತ್ತದೆ.

ಇನ್ನು ಈ ಬಳ್ಳಿ ಹೊರಟ ಊರಿನ ಕಡೆಗೆ ಹೋಗೋಣ. ಇಂದಿನ ನೈಜೀರಿಯಾದ ಆಗ್ನೇಯ ಮೂಲೆಯಲ್ಲಿ, ಕ್ರಾಸ್ ನದಿ ಸಮುದ್ರ ಸೇರುವೆಡೆಗೆ ಹತ್ತಿರದಲ್ಲಿ ಕಲಬಾರ್ ಇದೆ. ಹಿಂದೆ ಅದು ಒಂದೇ ಊರಲ್ಲ. ಡ್ಯೂಕ್ ಟೌನ್, ಕ್ರೀಕ್ ಟೌನ್ ಮೊದಲಾದ, ಎಫಿಕ್ ಜನರ ಹಲವು ವ್ಯಾಪಾರಿ ಪಟ್ಟಣಗಳ ಗುಂಪು; ಯುರೋಪಿನವರು ಅದನ್ನು ಓಲ್ಡ್ ಕಲಬಾರ್ ಎನ್ನುತ್ತಿದ್ದರು. ಅಟ್ಲಾಂಟಿಕ್ ಗುಲಾಮ ವ್ಯಾಪಾರದ ದೊಡ್ಡ ಬಂದರುಗಳಲ್ಲಿ ಅದೂ ಒಂದು. ಎಫಿಕ್ ಮುಖಂಡರು ಆ ವ್ಯಾಪಾರದಲ್ಲಿ ಪಾಲುದಾರರು, ಹಡಗಿನ ಕಪ್ತಾನರೊಂದಿಗೆ ಲೆಕ್ಕಪತ್ರ ಇಡಬಲ್ಲವರು. ಅಂಟೇರಾ ಡ್ಯೂಕ್ ಎಂಬ ವ್ಯಾಪಾರಿ 1785ರಿಂದ 1788ರವರೆಗೆ ತನ್ನದೇ ಬಗೆಯ ಇಂಗ್ಲಿಷಿನಲ್ಲಿ ದಿನಚರಿ ಬರೆದಿದ್ದ. ಅದರ ಮೂಲಪ್ರತಿ ಎಡಿನ್‌ಬರೋದಲ್ಲಿದ್ದು ಎರಡನೇ ಮಹಾಯುದ್ಧದಲ್ಲಿ ನಾಶವಾಯಿತು, ಮೊದಲೇ ನಕಲು ಮಾಡಿಟ್ಟಿದ್ದ ಭಾಗಗಳು ಉಳಿದುಕೊಂಡವು. ಗುಲಾಮ ವ್ಯಾಪಾರ ಕುಗ್ಗಿದ ಮೇಲೆ ಕಲಬಾರ್ ತಾಳೆ ಎಣ್ಣೆಯತ್ತ ತಿರುಗಿತು. ಬ್ರಿಟನ್ನಿನ ಸಾಬೂನು, ಮೇಣದಬತ್ತಿ, ಯಂತ್ರಗಳ ಕೀಲೆಣ್ಣೆಗೆ ಅದು ಬೇಕಿತ್ತು.

1842ರಲ್ಲಿ ಅಲ್ಲಿನ ದೊರೆಗಳಾದ ಎಯಾಂಬಾ ಮತ್ತು ಎಯೊ ಹಾನೆಸ್ಟಿ ಬ್ರಿಟಿಷ್ ನೌಕಾಧಿಕಾರಿಗೆ ಪತ್ರ ಬರೆದು, ಹತ್ತಿ ಮತ್ತು ಕಾಫಿಯ ಬೀಜ ಕೊಡಿ, ಓದು ಕಲಿಸುವವರನ್ನು ಕಳಿಸಿ ಎಂದು ಕೇಳಿದರು. ಬೇರೆ ಬೆಳೆ, ಬೇರೆ ಕಸುಬು ಅವರಿಗೆ ಬೇಕಾಗಿತ್ತು. ನಾಲ್ಕು ವರ್ಷಗಳ ನಂತರ, 1846ರಲ್ಲಿ, ಹೋಪ್ ವಾಡೆಲ್‌ನ ನೇತೃತ್ವದಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಮಿಶನ್ ಬಂದಿಳಿಯಿತು. ಈ ಮಿಶನ್ನಿನ ಆಲೋಚನೆ ಹುಟ್ಟಿದ್ದು ಜಮೈಕಾದಲ್ಲಿ, ಆಗಷ್ಟೇ ಗುಲಾಮಗಿರಿಯಿಂದ ಬಿಡುಗಡೆಯಾದ ಜನರಿದ್ದ ಚರ್ಚುಗಳಲ್ಲಿ. ಅಟ್ಲಾಂಟಿಕ್ ದಾಟಿ ಸಾಗಿಸಲ್ಪಟ್ಟವರು ಅದೇ ಸಾಗರದ ಆಚೆಗೆ ಮರಳಿ ಜನರನ್ನು ಕಳಿಸಿದರು. ಬೀಜ ಬೇಕೆಂದು ಕೇಳಿದ ಊರಿನಿಂದ ಮಾತ್ರ ಬೀಜಗಳೂ ಬಳ್ಳಿಗಳೂ ಹೊರಗೆ ಹೋಗತೊಡಗಿದವು.

ಹಾಗೆ ಕಳಿಸಿದವರಲ್ಲಿ ಒಬ್ಬ ರೆವರೆಂಡ್ ವಿಲಿಯಂ ಕೂಪರ್ ಥಾಮ್ಸನ್. ಪಡೆದುಕೊಂಡವರು ಎಡಿನ್‌ಬರೋದ ಸಸ್ಯಶಾಸ್ತ್ರ ಪ್ರಾಧ್ಯಾಪಕ, ಅಲ್ಲಿನ ರಾಯಲ್ ಬೊಟಾನಿಕ್ ಗಾರ್ಡನ್ನಿನ ಮುಖ್ಯಸ್ಥ ಜಾನ್ ಹಟನ್ ಬಾಲ್ಫರ್. 1862ರಲ್ಲಿ ಬಾಲ್ಫರ್ ಬಿಳಿ ಚೀಲದ ಕೆಂಪು ಹೂವಿಗೆ ಹೆಸರಿಟ್ಟರು. ತೀರಿಕೊಂಡ ತನ್ನ ಹೆಂಡತಿಯ ನೆನಪಿಗೆ ಇಡಬೇಕೆಂದು ಥಾಮ್ಸನ್ ಕೇಳಿದ್ದ. ಅದರಂತೆ ‘ಥಾಮ್ಸನ್ನಳ’ ಎಂಬ ಅರ್ಥದ ಹೆಣ್ಣುಪದ ಬಂತು. ಒಬ್ಬಳು ಹೆಂಗಸಿನ ನೆನಪು ಗಂಡನ ಮನೆತನದ ಹೆಸರಿನ ರೂಪದಲ್ಲಿ ಜಗತ್ತಿನ ತೋಟಗಳನ್ನೆಲ್ಲ ಸುತ್ತುತ್ತಿದೆ. ಆ ಗಂಡನ ದುಃಖ ನನ್ನನ್ನು ಮುಟ್ಟುತ್ತದೆ. ಆದರೆ ಬಳ್ಳಿ ಬೆಳೆದ ನೆಲದ, ಆ ಕಾಡನ್ನು ಬಲ್ಲವರ ಸುಳಿವೂ ಆ ಹೆಸರಿನಲ್ಲಿಲ್ಲ ಎಂಬುದೂ ಅಷ್ಟೇ ಕಾಡುತ್ತದೆ.

ಏಕೆಂದರೆ, ಇದೇ ಥಾಮ್ಸನ್ ಇದೇ ಬಾಲ್ಫರ್‌ಗೆ ಇದಕ್ಕೂ ಮೊದಲು, 1859ರಲ್ಲಿ, ಇನ್ನೊಂದು ಬಳ್ಳಿಯನ್ನು ಕಳಿಸಿದ್ದ. ಅದು ನೋಡಲು ಅಂಥ ಚಂದವಲ್ಲ. ನದಿಯಂಚಿನ ಮರಗಳನ್ನು ಸುತ್ತಿ ಹದಿನೈದು ಮೀಟರ್‌ವರೆಗೆ ಏರುವ ದಪ್ಪ ಕಾಂಡದ ಬಳ್ಳಿ. ಮಾಸಲು ನೇರಳೆಗೆಂಪಿನ, ಅವರೆ ಹೂವಿನ ಜಾತಿಯ ಹೂ. ಕಾಯಿಯೊಳಗೆ ಎರಡೋ ಮೂರೋ ಬೀಜ. ಪ್ರತಿ ಬೀಜ ಒಂದಂಗುಲ ಉದ್ದ, ಚಾಕೊಲೇಟ್ ಬಣ್ಣ, ಅಂಚಿನುದ್ದಕ್ಕೂ ಕಪ್ಪು ಗೀರು. ನಮ್ಮ ಅವರೆ, ಅಲಸಂದೆ, ಹುರಳಿಕಾಯಿಗಳಿಗೆ ಹತ್ತಿರದ ಸಂಬಂಧಿ. 1861ರಲ್ಲಿ ಬಾಲ್ಫರ್ ಅದನ್ನು ಫೈಸೋಸ್ಟಿಗ್ಮಾ ವೆನೆನೋಸಮ್ ಎಂದು ವರ್ಣಿಸಿದರು. ಎಫಿಕ್ ಜನ ಅದನ್ನು ಎಸೆರೆ ಎನ್ನುತ್ತಿದ್ದರು.

ಎಸೆರೆ ನ್ಯಾಯದ ಬೀಜ. ಮಾಟ ಮಾಡಿದ ಆರೋಪ ಹೊತ್ತವರಿಗೆ, ಮುಖಂಡನೊಬ್ಬ ಸತ್ತಾಗ ಅನುಮಾನಕ್ಕೆ ಗುರಿಯಾದವರಿಗೆ ಅದನ್ನು ತಿನ್ನಿಸುತ್ತಿದ್ದರು. ವಾಂತಿಯಾಗಿ ಬದುಕಿದರೆ ನಿರಪರಾಧಿ, ಸತ್ತರೆ ಅಪರಾಧಿ. ಇಬ್ಬರ ನಡುವಿನ ಜಗಳವನ್ನು ಒಂದೇ ಬೀಜವನ್ನು ಅರ್ಧರ್ಧ ತಿಂದು ತೀರಿಸಿಕೊಳ್ಳುವುದೂ ಇತ್ತು, ಎಷ್ಟೋ ಸಲ ಇಬ್ಬರೂ ಸಾಯುತ್ತಿದ್ದರು. ತಪ್ಪು ಮಾಡದವನು ಧೈರ್ಯದಿಂದ ಗಬಗಬನೆ ನುಂಗುವುದರಿಂದ ಹೊಟ್ಟೆ ತೊಳಸಿ ಕಕ್ಕಿಬಿಡುತ್ತಾನೆ, ಅಂಜುವವನು ಮೆಲ್ಲಗೆ ಅಗಿಯುವುದರಿಂದ ವಿಷ ಮೈಗೇರುತ್ತದೆ ಎಂಬ ವಿವರಣೆಯನ್ನು ಹಲವರು ಕೊಟ್ಟಿದ್ದಾರೆ. ಕೇಳಲು ಜಾಣತನದ ಮಾತು. ಆದರೆ ಸಾವಿನೆದುರು ಕೂತವನು ಅಂಜುವುದಕ್ಕೆ ತಪ್ಪೇ ಮಾಡಿರಬೇಕೆಂದೇನಿಲ್ಲ, ಈ ವಿವರಣೆಯನ್ನು ನ್ಯಾಯವೆಂದು ಒಪ್ಪಲು ನನಗೆ ಮನಸ್ಸಿಲ್ಲ. ಹಾಗೆಂದು ಎಫಿಕ್ ಜನರ ತಿಳಿವಳಿಕೆಯನ್ನು ಕೀಳೆಂದೂ ನೋಡಲಾಗದು. ಯಾವ ಬೀಜ, ಎಷ್ಟು ಪ್ರಮಾಣ, ಎಷ್ಟು ಹೊತ್ತಿಗೆ ಏನಾಗುತ್ತದೆ ಎಂಬುದನ್ನು ಅವರು ಬಲ್ಲವರಾಗಿದ್ದರು. ವಿಚಾರಣೆಗೆ ಬೇಕಾದಷ್ಟನ್ನು ಉಳಿಸಿ, ಮಿಕ್ಕ ಬಳ್ಳಿಗಳನ್ನು ಕಂಡಲ್ಲಿ ನಾಶ ಮಾಡುವ ಕಟ್ಟಳೆ ಇತ್ತೆಂದು ಆ ಕಾಲದ ಬರಹಗಳು ಹೇಳುತ್ತವೆ. ಅಪಾಯಕಾರಿ ವಸ್ತುವನ್ನು ಹದ್ದಿನಲ್ಲಿಡುವ ಕ್ರಮವದು.

ಬೀಜಗಳು ಎಡಿನ್‌ಬರೋ ತಲುಪಿದ್ದು ಥಾಮ್ಸನ್ ಬಳ್ಳಿ ಕಳಿಸುವ ಮೊದಲೇ. ಆಗ ಅಲ್ಲಿ ವಿಷಶಾಸ್ತ್ರದ ದೊಡ್ಡ ಹೆಸರು ರಾಬರ್ಟ್ ಕ್ರಿಸ್ಟಿಸನ್. 1855ರಲ್ಲಿ ಅವರು ಅದನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. ರಾತ್ರಿ ಬೀಜದ ಎಂಟನೇ ಒಂದು ಭಾಗ ತಿಂದರು, ಹೆಚ್ಚೇನೂ ಆಗಲಿಲ್ಲ. ಬೆಳಿಗ್ಗೆ ಎದ್ದು ಕಾಲು ಭಾಗ ಅಗಿದರು. ಸ್ವಲ್ಪ ಹೊತ್ತಿಗೇ ತಲೆ ತಿರುಗಿ, ಕೈಕಾಲು ಸೋತು, ನಾಡಿ ಕುಸಿಯಿತು. ವಾಂತಿಗಾಗಿ ಕೈಗೆ ಸಿಕ್ಕಿದ್ದು ಗಡ್ಡ ಹೆರೆದ ಸಾಬೂನಿನ ನೀರು, ಅದನ್ನೇ ಕುಡಿದರು. ಮೈ ಅಲುಗಾಡಿಸಲಾಗದ ಸ್ಥಿತಿಯಲ್ಲೂ ಬುದ್ಧಿ ಸ್ವಚ್ಛವಾಗಿತ್ತು ಎಂದು ಬದುಕಿದ ಮೇಲೆ ಬರೆದಿಟ್ಟರು. ವೈದ್ಯಶಾಸ್ತ್ರಕ್ಕೆ ಆ ಸಾಲು ಬಹಳ ಮುಖ್ಯವಾಯಿತು. ವಿಷ ಹೊಡೆಯುತ್ತಿದ್ದುದು ಪ್ರಜ್ಞೆಯನ್ನಲ್ಲ, ನರ ಮತ್ತು ಸ್ನಾಯುವಿನ ನಡುವಿನ ಮಾತುಕತೆಯನ್ನು.

ಅವರ ಬೆನ್ನಿಗೆ ಥಾಮಸ್ ಫ್ರೇಸರ್ ಬಂದರು. ಕಲ್ಕತ್ತೆಯಲ್ಲಿ ಹುಟ್ಟಿ ಎಡಿನ್‌ಬರೋದಲ್ಲಿ ಓದಿದ ಈ ಯುವಕ 1862ರಲ್ಲಿ ಕಲಬಾರ್ ಬೀಜದ ಮೇಲೆಯೇ ಎಂ.ಡಿ. ಪ್ರಬಂಧ ಬರೆದರು. ಬೀಜದ ಸಾರ ಕಣ್ಣಿಗೆ ಬಿದ್ದರೆ ಪಾಪೆ ಸಾಸಿವೆ ಕಾಳಿನಷ್ಟು ಕುಗ್ಗುತ್ತದೆ ಎಂದು ಗಮನಿಸಿ ಗೆಳೆಯ ಆರ್ಗೈಲ್ ರಾಬರ್ಟ್‌ಸನ್‌ಗೆ ಹೇಳಿದರು. ಕಣ್ಣಿನ ವೈದ್ಯರಾದ ರಾಬರ್ಟ್‌ಸನ್ ತಮ್ಮ ಕಣ್ಣಿಗೇ ಹಾಕಿಕೊಂಡು ನೋಡಿ 1863ರಲ್ಲಿ ಪ್ರಕಟಿಸಿದರು. ಪಾಪೆ ಹಿಗ್ಗಿಸುವ ಅಟ್ರೋಪಿನ್ ಆಗಲೇ ಇತ್ತು, ಕುಗ್ಗಿಸುವ ಮದ್ದು ಇರಲಿಲ್ಲ. 1864ರಲ್ಲಿ ಜರ್ಮನಿಯ ಯೋಬ್ಸ್ಟ್ ಮತ್ತು ಹೆಸ್ಸೆ ಬೀಜದಿಂದ ಅದರ ಸಾರವಸ್ತುವನ್ನು ಬೇರ್ಪಡಿಸಿ ಫೈಸೋಸ್ಟಿಗ್ಮಿನ್ ಎಂದರು, ಮರುವರ್ಷ ಫ್ರೆಂಚರು ಅದನ್ನೇ ಹರಳಾಗಿಸಿ, ಎಫಿಕ್ ಹೆಸರನ್ನು ಉಳಿಸಿಕೊಂಡು, ಎಸೆರಿನ್ ಎಂದರು. 1876ರಲ್ಲಿ ಸ್ಟ್ರಾಸ್‌ಬರ್ಗ್‌ನ ಲುಡ್ವಿಗ್ ಲಾಕರ್ ಅದನ್ನು ಗ್ಲಾಕೋಮಾಗೆ ಮದ್ದಾಗಿ ಬಳಸಿದ್ದನ್ನು ವರದಿ ಮಾಡಿದರು. ಅವರಿಗೇ ಆ ಕಾಯಿಲೆಯಿತ್ತು. ಕಣ್ಣಿನೊಳಗಿನ ಒತ್ತಡವನ್ನು ಹನಿ ಔಷಧದಿಂದ ಇಳಿಸುವ ಚಿಕಿತ್ಸೆ ಶುರುವಾದದ್ದು ಈ ಕಾಲದಲ್ಲಿ.

ಬೀಜ ಹೇಗೆ ಕೆಲಸ ಮಾಡುತ್ತದೆಂಬುದು ತಿಳಿಯಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಕೈ ಎತ್ತಬೇಕೆಂದಾಗ ನರದ ತುದಿ ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಸುರಿಯುತ್ತದೆ, ಅದು ತಗುಲಿದ ಸ್ನಾಯು ಕುಗ್ಗುತ್ತದೆ. ಕೂಡಲೇ ಒಂದು ಕಿಣ್ವ ಬಂದು ಅದನ್ನು ಒಡೆದು ಜಾಗ ಖಾಲಿ ಮಾಡುತ್ತದೆ, ಮುಂದಿನ ಸಂದೇಶಕ್ಕೆ ದಾರಿಯಾಗುತ್ತದೆ. ಎಸೆರೆ ಈ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಒಂದು ಸಂದೇಶ ಮುಗಿಯುವ ಮೊದಲೇ ಇನ್ನೊಂದು ಬಂದು, ಸ್ನಾಯುಗಳು ಅದುರಿ, ಸೋತು, ಕೊನೆಗೆ ಉಸಿರಾಟದ ಸ್ನಾಯುವೂ ನಿಲ್ಲುತ್ತದೆ. ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆಂದು 1921ರಲ್ಲಿ ತೋರಿಸಿದ ಓಟೋ ಲೋವಿ, 1926ರಲ್ಲಿ ಎಸೆರಿನ್ ಬಳಸಿಯೇ ಈ ಒಡೆಯುವ ಕ್ರಿಯೆಯನ್ನು ತಡೆದು ತೋರಿಸಿದರು. 1936ರ ನೊಬೆಲ್ ಅವರಿಗೂ ಹೆನ್ರಿ ಡೇಲ್‌ಗೂ ಬಂತು.

ಈ ಕಥೆಯಲ್ಲಿ ನನಗೆ ಅತಿ ಪ್ರಿಯವಾದ ವ್ಯಕ್ತಿ ಪರ್ಸಿ ಜೂಲಿಯನ್. ಹುಟ್ಟಿದ್ದು 1899ರಲ್ಲಿ, ಅಮೆರಿಕದ ಅಲಬಾಮಾದಲ್ಲಿ. ಅವರ ಅಜ್ಜ ಗುಲಾಮರಾಗಿದ್ದವರು, ಬರೆಯಲು ಕಲಿತ ತಪ್ಪಿಗೆ ಅಜ್ಜನ ಬೆರಳು ಕತ್ತರಿಸಿದ್ದರು ಎಂದು ಜೂಲಿಯನ್ ಹೇಳುತ್ತಿದ್ದರು. ಇಂಡಿಯಾನಾದ ಡಿಪಾ ವಿಶ್ವವಿದ್ಯಾಲಯದಲ್ಲಿ, ಯೋಸೆಫ್ ಪಿಕ್ಲ್ ಜೊತೆಗೂಡಿ, ಫೈಸೋಸ್ಟಿಗ್ಮಿನ್ನನ್ನು ಬೀಜದ ಹಂಗಿಲ್ಲದೆ ಪ್ರಯೋಗಶಾಲೆಯಲ್ಲೇ ಕಟ್ಟಲು ಹೊರಟರು. ಅದೇ ಗುರಿಗೆ ಆಕ್ಸ್‌ಫರ್ಡಿನಲ್ಲಿ ಕೆಲಸ ಮಾಡುತ್ತಿದ್ದವರು ಆ ಕಾಲದ ರಸಾಯನಶಾಸ್ತ್ರದ ದಿಗ್ಗಜ ರಾಬರ್ಟ್ ರಾಬಿನ್‌ಸನ್. ಅವರ ಗುಂಪು ಪ್ರಕಟಿಸಿದ ವಸ್ತು ಸರಿಯಾದುದಲ್ಲ ಎಂದು ಜೂಲಿಯನ್ ಮುದ್ರಣದಲ್ಲೇ ಹೇಳಿದರು. ತಪ್ಪಿದ್ದರೆ ಅವರ ವೃತ್ತಿ ಅಲ್ಲಿಗೇ ಮುಗಿಯುತ್ತಿತ್ತು. 1935ರಲ್ಲಿ ಅವರ ದಾರಿಯೇ ಸರಿಯೆಂದು ಸಾಬೀತಾಯಿತು. ಆದರೂ ಕರಿಯನೆಂಬ ಕಾರಣಕ್ಕೆ ಅಲ್ಲಿ ಪ್ರಾಧ್ಯಾಪಕ ಹುದ್ದೆ ಸಿಗಲಿಲ್ಲ, ಉದ್ಯಮಕ್ಕೆ ಹೋದರು. ಕಲಬಾರ್ ಬೀಜದ ಎಣ್ಣೆಯಲ್ಲಿ ಅವರು ಕಂಡಿದ್ದ ಸ್ಟಿಗ್ಮಾಸ್ಟೆರಾಲ್ ಹರಳುಗಳ ನೆನಪೇ ಮುಂದೆ ಸೋಯಾ ಎಣ್ಣೆಯಿಂದ ಹಾರ್ಮೋನು ತಯಾರಿಸುವ ದಾರಿ ತೋರಿಸಿತು. ಗುಲಾಮರ ಬಂದರಿನ ಬೀಜವೊಂದು ಗುಲಾಮರ ಮೊಮ್ಮಗನ ಕೈಯಲ್ಲಿ ರಸಾಯನಶಾಸ್ತ್ರದ ಹೊಸ ಅಧ್ಯಾಯವಾಯಿತು.

ಅದೇ ರಸಾಯನಶಾಸ್ತ್ರ ಇನ್ನೊಂದು ಕಡೆಗೂ ಹರಿಯಿತು. ಮನುಷ್ಯನ ನರದಲ್ಲಿರುವ ಕಿಣ್ವ ಕೀಟಗಳಲ್ಲೂ ಇದೆ. ಫೈಸೋಸ್ಟಿಗ್ಮಿನ್ನಿನ ಕಾರ್ಬಮೇಟ್ ಎಂಬ ತುಣುಕನ್ನು ಮಾದರಿಯಾಗಿಟ್ಟುಕೊಂಡು ಕೀಟನಾಶಕಗಳು ಬಂದವು. ನಮ್ಮ ರೈತರು ಫ್ಯುರಡಾನ್ ಎಂದು ಬಲ್ಲ ಕಾರ್ಬೋಫ್ಯುರಾನ್ ಆ ವರ್ಗದ್ದು. ಸೆವಿನ್ ಹೆಸರಿನ ಕಾರ್ಬರಿಲ್ ಕೂಡ. ಭೋಪಾಲದ ಕಾರ್ಖಾನೆ ತಯಾರಿಸುತ್ತಿದ್ದುದು ಇದನ್ನೇ. ಆ ಕಾರ್ಬಮೇಟ್ ತುಣುಕನ್ನು ಜೋಡಿಸಲು ಬಳಸುತ್ತಿದ್ದ ಮಿಥೈಲ್ ಐಸೋಸಯನೇಟ್ 1984ರ ಡಿಸೆಂಬರ್ 2ರ ರಾತ್ರಿ ಸೋರಿತು. ಆ ಅನಿಲ ಕೊಂದ ಬಗೆ ಎಸೆರೆಯ ಬಗೆಯಲ್ಲ, ಅದು ಶ್ವಾಸಕೋಶವನ್ನು ಸುಟ್ಟಿತು. ಆದರೆ ಅದು ಅಲ್ಲಿದ್ದುದಕ್ಕೆ ಕಾರಣ ಹುಡುಕುತ್ತ ಹಿಂದೆ ಹೋದರೆ ಕ್ರಾಸ್ ನದಿಯ ದಂಡೆ ಸಿಗುತ್ತದೆ. ಆರ್ಗನೋಫಾಸ್ಫೇಟ್ ಕೀಟನಾಶಕಗಳ ರಸಾಯನ ಬೇರೆ, ಅವು ಹೊಡೆಯುವ ಕಿಣ್ವ ಮಾತ್ರ ಒಂದೇ. ಹೊಲದ ಔಷಧಿ ಕುಡಿದವರನ್ನು ಆಸ್ಪತ್ರೆಗೆ ತಂದಾಗ ಸೂಜಿಮೊನೆಯಂತಾದ ಪಾಪೆ, ಸುರಿಯುವ ಜೊಲ್ಲು, ಅದುರುವ ಸ್ನಾಯು ಕಾಣುವುದು ಇದರಿಂದ. ವೈದ್ಯರು ಆಗ ಅಟ್ರೋಪಿನ್ ಏರಿಸುತ್ತಾರೆ. ಉಮ್ಮತ್ತಿ ತಿಂದವರಲ್ಲಿ ಆಗುವುದು ಇದರ ತಿರುವುಮುರುವು. ಅಟ್ರೋಪಿನ್ ಜಾತಿಯ ವಿಷ ಏರಿ ಪಾಪೆ ಹಿಗ್ಗಿ, ಬಾಯಿ ಒಣಗಿ, ಮನುಷ್ಯ ಬಡಬಡಿಸುತ್ತಾನೆ. ಅದಕ್ಕೆ ಪ್ರತಿಮದ್ದು ಫೈಸೋಸ್ಟಿಗ್ಮಿನ್. ಎರಡು ವಿಷಗಳು ಒಂದನ್ನೊಂದು ಹೇಗೆ ತಡೆಯುತ್ತವೆಂಬುದನ್ನು ಮೊದಲಿಗೆ ಅಳೆದು ತೂಗಿ ತೋರಿಸಿದವರೂ ಅದೇ ಫ್ರೇಸರ್.

1934ರಲ್ಲಿ ಲಂಡನ್ನಿನ ಗ್ರೀನಿಚ್‌ನ ಆಸ್ಪತ್ರೆಯೊಂದರಲ್ಲಿ ಡಾ. ಮೇರಿ ವಾಕರ್, ಮಯಸ್ತೇನಿಯಾ ಗ್ರಾವಿಸ್‌ನಿಂದ ರೆಪ್ಪೆ ಎತ್ತಲಾಗದ, ನುಂಗಲಾಗದ ರೋಗಿಗೆ ಫೈಸೋಸ್ಟಿಗ್ಮಿನ್ ಚುಚ್ಚಿದರು. ಸ್ವಲ್ಪ ಹೊತ್ತು ರೋಗಿಗೆ ಶಕ್ತಿ ಮರಳಿತು. ಇಂದು ಆ ಕಾಯಿಲೆಯವರು ದಿನಕ್ಕೆ ಹಲವು ಸಲ ನುಂಗುವ ಪೈರಿಡೋಸ್ಟಿಗ್ಮಿನ್ ಮಾತ್ರೆ ಅದೇ ವಂಶದ್ದು. ಮರೆವಿನ ಕಾಯಿಲೆಗೆ ಕೊಡುವ ರಿವಾಸ್ಟಿಗ್ಮಿನ್ ಕೂಡ.

ಆ ವಂಶದ ಇನ್ನೊಂದು ಮದ್ದು 1931ರಲ್ಲಿ ತಯಾರಾದ ನಿಯೋಸ್ಟಿಗ್ಮಿನ್. ಶಸ್ತ್ರಕ್ರಿಯೆ ಮುಗಿದ ಮೇಲೆ ಸಡಿಲಗೊಳಿಸಿದ ಸ್ನಾಯುಗಳನ್ನು ಮತ್ತೆ ಎಚ್ಚರಿಸಲು ಅರಿವಳಿಕೆ ತಜ್ಞರು ಬಳಸುವ ಔಷಧ. ನಮ್ಮ ಆಸ್ಪತ್ರೆಗಳಲ್ಲಿ ಅದಕ್ಕೆ ಇನ್ನೊಂದು ಕೆಲಸವೂ ಇದೆ. ನಾಗರಹಾವು ಕಚ್ಚಿದಾಗ ವಿಷ ಹೋಗಿ ಸ್ನಾಯುವಿನ ಮೇಲೆ ಅಸೆಟೈಲ್‌ಕೋಲಿನ್ ಕೂರುವ ಜಾಗವನ್ನು ಆಕ್ರಮಿಸುತ್ತದೆ. ರೆಪ್ಪೆ ಇಳಿಬೀಳುತ್ತದೆ, ಮಾತು ತೊದಲುತ್ತದೆ, ಉಸಿರು ಸೋಲುತ್ತದೆ. ಹಾವಿನ ವಿಷಕ್ಕೆ ಪ್ರತಿವಿಷವೇ ಮುಖ್ಯ ಚಿಕಿತ್ಸೆ. ಅದರ ಜೊತೆಗೆ ವೈದ್ಯರು ಅಟ್ರೋಪಿನ್ ಮತ್ತು ನಿಯೋಸ್ಟಿಗ್ಮಿನ್ ಚುಚ್ಚಿ, ಸುಮಾರು ಒಂದು ಗಂಟೆ ರೋಗಿಯ ರೆಪ್ಪೆಯನ್ನೂ ಉಸಿರನ್ನೂ ಗಮನಿಸುತ್ತಾರೆ. ಕಿಣ್ವ ಕಟ್ಟಿಬಿದ್ದು ಅಸೆಟೈಲ್‌ಕೋಲಿನ್ ಹೆಚ್ಚಿದರೆ ಅದು ವಿಷದೊಂದಿಗೆ ಜಾಗಕ್ಕಾಗಿ ಪೈಪೋಟಿ ನಡೆಸಿ ಗೆಲ್ಲಬಲ್ಲದು, ರೆಪ್ಪೆ ಮೇಲೇಳುತ್ತದೆ. ಕಟ್ಟುಹಾವು ಕಚ್ಚಿದ್ದರೆ ಇದು ಅಷ್ಟಾಗಿ ನಡೆಯುವುದಿಲ್ಲ. ಅದರ ವಿಷ ನರದ ತುದಿಯನ್ನೇ ಹಾಳು ಮಾಡಿರುತ್ತದೆ, ಸುರಿಯಲು ಅಸೆಟೈಲ್‌ಕೋಲಿನ್ ಉಳಿದಿರುವುದಿಲ್ಲ. ಒಂದು ಗಂಟೆಯಲ್ಲಿ ಸುಧಾರಣೆ ಕಾಣದಿದ್ದರೆ ವೈದ್ಯರು ನಿಯೋಸ್ಟಿಗ್ಮಿನ್ ನಿಲ್ಲಿಸಿ, ನರದ ತುದಿ ಮತ್ತೆ ಬೆಳೆಯುವವರೆಗೆ ವೆಂಟಿಲೇಟರ್‌ನಿಂದ ಉಸಿರು ಕೊಡುತ್ತಾರೆ.